ಬೇಡಾದ ಆಮೆಗಳಿಗೆ ಬಾವಿ ಹುಡುಕಿದ್ದು

ನನಗೊಂದು ಚಟವಿದೆ. ಸಂತೆಯಿಂದ ಕೋಸುಗಡ್ಡೆ ತಂದರೆ ಅದರ ಹೊರಗಿನ ನಾಲ್ಕು ದಪ್ಪ ಎಲೆಗಳನ್ನು ಬಿಡಿಸಿ, ತೊಳೆದು, ಒಂದು ಮೊರದಲ್ಲಿ ಬೇರೆ ಎತ್ತಿಡುತ್ತೇನೆ. ಸವತಿಕಾಯಿಯ ಸಿಪ್ಪೆ, ಪುಂಡಿಪಲ್ಯದ ಎಳೆ ದಂಟು, ಕಲ್ಲಂಗಡಿಯ ಬಿಳಿಯ ಭಾಗ, ಎಲ್ಲಕ್ಕೂ ಇದೇ ಮರ್ಯಾದೆ. ಈಗ ಅದನ್ನು ತಿನ್ನುವವರು ಮನೆಯಲ್ಲಿ ಯಾರೂ ಇಲ್ಲ. ಸಂಜೆಯ ಹೊತ್ತಿಗೆ ಎಲ್ಲ ಬಾಡಿ ಮರುದಿನ ಓಣಿಯ ಆಕಳ ಪಾಲಾಗುತ್ತದೆ. ಹೆಂಡತಿ ಶಾರದಾ ಮೊದಮೊದಲು ಬೈಯುತ್ತಿದ್ದಳು. ಆಮೇಲೆ ಬೈದು ಉಪಯೋಗವಿಲ್ಲವೆಂದು ಆ ಮೊರವನ್ನೇ ನನ್ನ ಹೆಸರಿಗೆ ಬಿಟ್ಟುಕೊಟ್ಟಳು. ಮನೆಗೆ ಬಂದವರು ಇದೇನೆಂದು ಕೇಳಿದರೆ, "ಅವರಿಗೆ ಹಿಂದಕ ಆಮಿ ಹುಚ್ಚಿತ್ತು" ಎಂದು ಅರ್ಧ ಮಾತು ಹೇಳಿ ಚಹಾ ತರಲು ಒಳಗೆ ಹೋಗುತ್ತಾಳೆ. ಉಳಿದರ್ಧವನ್ನು ನಾನು ನಗೆಯ ಕತೆ ಮಾಡಿ ಹೇಳುತ್ತ ಬಂದಿದ್ದೇನೆ. ಬಂದವರು ನಕ್ಕು, ಚಹಾ ಕುಡಿದು ಹೋಗುತ್ತಾರೆ. ನಿಮಗೆ ಮಾತ್ರ ಪೂರ್ತಿ ಹೇಳಿಬಿಡೋಣ ಎಂದು ಕುಳಿತಿದ್ದೇನೆ. ನಗು ಬಂದಲ್ಲಿ ಧಾರಾಳವಾಗಿ ನಗಿ, ನಾನೇನೂ ತಪ್ಪು ತಿಳಿಯುವುದಿಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದ ಹೊಸತು. ನಾನು ವಾಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ವಾಡಿ ಎಂದರೆ ನಿಮ್ಮಲ್ಲಿ ಬಹಳ ಜನರಿಗೆ ಗಾಡಿ ಬದಲಿಸುವ ಜಾಗ, ಬೆಂಚಿನ ಮೇಲೆ ಗಂಟು ಇಟ್ಟುಕೊಂಡು ತೂಕಡಿಸುವ ಜಾಗ. ನಮಗೆ ಅದು ಊರು. ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಸಿಮೆಂಟಿನ ದೂಳಿನಿಂದ ಇನ್ನಷ್ಟು ಬಿಳಿಯಾಗುವ ಊರು. ರೈಲ್ವೆ ಕಾಲನಿಯಲ್ಲಿ ಒಂದು ಮನೆಯಲ್ಲಿ ಮರಾಠಿ, ಪಕ್ಕದ್ದರಲ್ಲಿ ತೆಲುಗು, ಅದರಾಚೆ ತಮಿಳು. ನಳದ ಹತ್ತಿರ ಮಾತ್ರ ಎಲ್ಲರೂ ಒಂದೇ ಭಾಷೆಯಲ್ಲಿ ಜಗಳಾಡುತ್ತಿದ್ದರು.

ಆ ಕಾಲನಿಯ ಮಕ್ಕಳ ಆಟದ ಸಾಮಾನುಗಳಲ್ಲಿ ಆಮೆಯೂ ಒಂದು. ಹತ್ತಿರದ ರಾವೂರಿನ ಸುತ್ತ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿ ತೆಗೆಯುವಾಗ ಮೊದಲು ಮೇಲಿನ ಮಣ್ಣು, ಜಾಲಿಕಂಟಿ ಸವರುತ್ತಾರೆ. ಕಂಟಿಯ ಬುಡದಲ್ಲಿ ಈ ಆಮೆಗಳು ಸಿಗುತ್ತಿದ್ದವು. ಬೆನ್ನು ಗುಮ್ಮಟದ ಹಾಗೆ ಉಬ್ಬಿ, ಅದರ ಮೇಲೆ ಹಳದಿ ಗೆರೆಗಳ ನಕ್ಷತ್ರ ಬರೆದಂತೆ ಇರುವ ಆಮೆಗಳು. ಗಣಿಯ ಆಳುಗಳು ಸಂಜೆ ಅವನ್ನು ಕಾಲನಿಗೆ ತಂದು ಮಕ್ಕಳ ಕೈಗೆ ಕೊಟ್ಟು ಹೋಗುತ್ತಿದ್ದರು. ಒಂದು ತಿಂಗಳು ಅದಕ್ಕೆ ದಿನಾ ಸ್ನಾನ, ಹಣೆಗೆ ಕುಂಕುಮ. ಎರಡನೆಯ ತಿಂಗಳು ಅದು ಎಲ್ಲಿದೆ ಎಂಬುದೇ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಹೀಗಿರುವಾಗ ತಮಿಳು ಗಾರ್ಡೊಬ್ಬರ ಹೆಂಡತಿ ನಳದ ಹತ್ತಿರ ತಮ್ಮ ಕಡೆಯ ಗಾದೆಯೊಂದನ್ನು ಹೇಳಿದರು. ಆಮೆ ಹೊಕ್ಕ ಮನೆ, ಜಪ್ತಿಗೆ ಬರುವ ಅಮೀನ ಹೊಕ್ಕ ಮನೆ, ಎರಡೂ ಉದ್ಧಾರವಾಗುವುದಿಲ್ಲವಂತೆ. ಅದೇ ವಾರ ಫೈರ್‌ಮನ್ ಒಬ್ಬ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಅವನ ಮನೆಯಲ್ಲಿ ಆಮೆ ಇತ್ತು. ಬೇರೆ ಸಾಕ್ಷಿ ಯಾರಿಗೆ ಬೇಕು? ಎರಡೇ ದಿನದಲ್ಲಿ ಕಾಲನಿಯ ಆಮೆಗಳೆಲ್ಲ ಬೀದಿಗೆ ಬಂದವು. ಒಂದು ಗಟಾರದಲ್ಲಿ, ಒಂದು ಕಲ್ಲಿದ್ದಲ ರಾಶಿಯ ಮೇಲೆ. ಒಂದು ಹಳಿಗಳ ನಡುವಿನ ಜಲ್ಲಿಯಲ್ಲಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಶಾಲೆಯಿಂದ ಬರುತ್ತಿದ್ದ ನಾನು ಅದನ್ನು ಎತ್ತಿಕೊಂಡೆ. ಕೈಚೀಲದಲ್ಲಿ ಮಕ್ಕಳ ಪರೀಕ್ಷೆಯ ಪತ್ರಿಕೆಗಳಿದ್ದವು, ಅವುಗಳ ಮೇಲೇ ಇಟ್ಟುಕೊಂಡು ಮನೆಗೆ ತಂದೆ. ಅದು ಮೂವರು ಹುಡುಗರ ಉತ್ತರಗಳನ್ನು ಹಸಿ ಮಾಡಿತು. ಹೇಗೂ ಅವು ತಪ್ಪು ಉತ್ತರಗಳೇ.

ಇಲ್ಲಿ ಸ್ವಲ್ಪ ನಮ್ಮ ಸುಲೇಪೇಟಕ್ಕೆ ಹೋಗಿಬರಬೇಕು. ನಾನು ಹುಟ್ಟಿದ್ದು ಅಲ್ಲಿ. ಮನೆಯ ಹಿತ್ತಲಿನ ಬಾವಿಯಲ್ಲಿ ಒಂದು ಆಮೆ ಇತ್ತು. ನೀರಿನ ಹುಳಹುಪ್ಪಟೆ ತಿಂದು ಬಾವಿ ಚೊಕ್ಕ ಇಡುತ್ತದೆ ಎಂದು ಅಜ್ಜಿ ಹಳ್ಳದಿಂದ ತರಿಸಿ ಬಿಟ್ಟಿದ್ದಳು. ನಮ್ಮ ಕಡೆ ಇದು ಎಲ್ಲರ ಮನೆಯ ಪದ್ಧತಿ. ಬಾವಿ ತೋಡಿಸಿ ಪೂಜೆ ಮಾಡಿದ ಮೇಲೆ ಒಂದು ಆಮೆ ಬಿಟ್ಟರೇನೇ ಕೆಲಸ ಪೂರ್ತಿಯಾದಂತೆ. ನಾನು ಮಧ್ಯಾಹ್ನ ಕಟ್ಟೆಯ ಮೇಲೆ ಬೋರಲು ಮಲಗಿ ಜೋಳದ ರೊಟ್ಟಿಯ ಚೂರು ಹಾಕುತ್ತಿದ್ದೆ. ಕೆಳಗೆ ಕರಿ ನೀರಿನಲ್ಲಿ ಮೊದಲು ಮೂಗು, ಆಮೇಲೆ ಎರಡು ಕಣ್ಣು ಮೇಲೆ ಬರುತ್ತಿದ್ದವು. "ಭಾಳ ಬಗ್ಗಬ್ಯಾಡ, ಅದು ನಿನ್ನನ್ನೂ ರೊಟ್ಟಿ ಅಂತ ತಿಳ್ಕೊಂಡೀತು" ಎಂದು ಅಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಆಮೆ ಎಂದರೆ ಬಾವಿ, ಬಾವಿ ಎಂದರೆ ಆಮೆ ಎಂದು ನನ್ನ ತಲೆಯಲ್ಲಿ ಕೂತದ್ದು ಹಾಗೆ. ಮುಂದೆ ಬಿ.ಎಸ್ಸಿ. ಓದಿದರೂ ಅದು ಕೂತ ಜಾಗದಿಂದ ಏಳಲಿಲ್ಲ.

ಹೀಗಾಗಿ ಜಲ್ಲಿಯಲ್ಲಿ ಸಿಕ್ಕ ಆಮೆಯನ್ನು ಅಂಗಳದಲ್ಲಿ ಬಿಟ್ಟು ನೋಡುತ್ತಿದ್ದಾಗ ನನಗೊಂದು ಘನವಾದ ಯೋಚನೆ ಹೊಳೆಯಿತು. ಇತ್ತ ಆಮೆ ಬೇಡವೆನ್ನುವ ಕಾಲನಿ, ಅತ್ತ ಆಮೆ ಬೇಕೆನ್ನುವ ಬಾವಿಗಳು. ನಡುವೆ ಒಬ್ಬ ಮನುಷ್ಯ ಇಲ್ಲ, ಅಷ್ಟೇ ಕೊರತೆ. ಮರುದಿನವೇ ಹಳೆಯ ಹಲಗೆಯೊಂದಕ್ಕೆ ಸುಣ್ಣ ಬಳಿದು ಬಾಗಿಲಿಗೆ ತೂಗುಹಾಕಿದೆ. "ಬೇಡಾದ ಆಮೆಗಳನ್ನು ಇಲ್ಲಿ ತಂದುಕೊಡಿರಿ. ಒಳ್ಳೆಯ ಮನೆ ನೋಡಿ ಕೊಡಲಾಗುವುದು." ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದೆ.

"ಹೆಣ್ಣಿನ ಮನಿಯವರು ವರ ಹುಡುಕಲಿಕ್ಕೆ ಬರ್ತಾರ ನೋಡ್ರಿ ಇನ್ನ" ಎಂದಳು ಶಾರದಾ.

ನಾನು ವಧೂವರರ ದಲ್ಲಾಳಿಗಿಂತ ಹೆಚ್ಚು ಶಿಸ್ತಿನವನಾದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಆಮೆಯ ಹೆಸರು, ವಯಸ್ಸು, ಇಷ್ಟದ ಆಹಾರ, ಹಿಂದಿನ ಒಡೆಯರು, ಕೊನೆಗೆ 'ಷರಾ' ಎಂದು ಅಂಕಣ ಮಾಡಿದೆ. ಬಾವಿಯ ಮಾಲಕರನ್ನು ನೀರು ಸಿಹಿಯೋ ಸವಳೋ, ಮನೆಯಲ್ಲಿ ಬೆಕ್ಕುಂಟೋ ಎಂದೆಲ್ಲ ವಿಚಾರಿಸುತ್ತಿದ್ದೆ. ಊರು ನನಗೆ 'ಆಮಿ ಮಾಸ್ತರ' ಎಂದು ಹೆಸರಿಟ್ಟಿತು. ಮೇಲೆ ಮೇಲೆ ಸಿಟ್ಟು ತೋರಿಸಿದರೂ ಒಳಗೊಳಗೇ ನಾನು ಉಬ್ಬಿದ್ದೆ. ಎರಡು ತಿಂಗಳಲ್ಲಿ ರಾವೂರಿನ ಭೀಮರಾಯನ ಹೊಲದ ಬಾವಿಗೆ ನಾಲ್ಕು, ಚಿತ್ತಾಪುರದ ಎರಡು ಬಾವಿಗಳಿಗೆ ನಾಲ್ಕು, ಹೀಗೆ ಎಂಟು ಆಮೆಗಳಿಗೆ ಮನೆ ಮಾಡಿಕೊಟ್ಟೆ. ಬಾವಿಗೆ ಕಳಿಸುವ ಮುನ್ನ ಎರಡು ಮೂರು ದಿನ ಅವು ನಮ್ಮ ಅಂಗಳದಲ್ಲಿರುತ್ತಿದ್ದವು. ಅಲ್ಲಿ ಇಟ್ಟಿದ್ದ ನೀರಿನ ತೊಟ್ಟಿಯ ಹತ್ತಿರ ಒಂದೂ ಹೋಗುತ್ತಿರಲಿಲ್ಲ. ಹೊಸ ಜಾಗ, ಸಂಕೋಚ ಎಂದುಕೊಂಡೆ.

ಒಂಬತ್ತನೆಯದನ್ನು ತಂದವಳು ಮೆಹಬೂಬ ಬೀ. ಶಹಾಬಾದದಿಂದ ಪ್ಯಾಸೆಂಜರ್ ಗಾಡಿಯಲ್ಲಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ ಮುಚ್ಚಿಕೊಂಡು ಬಂದಿದ್ದಳು. ಐವತ್ತೈದರ ಆಸುಪಾಸಿನ ಹೆಂಗಸು. ಗಂಡ ಕಲ್ಲಿನ ಗಣಿಯಲ್ಲಿದ್ದವ, ಮಗ ಸಣ್ಣವನಿದ್ದಾಗ ಒಂದು ಸಂಜೆ ಹೆಗಲ ವಸ್ತ್ರದಲ್ಲಿ ಆಮೆಮರಿಯೊಂದನ್ನು ಕಟ್ಟಿಕೊಂಡು ಬಂದಿದ್ದನಂತೆ. ಅದು ಬೆಳೆದು ಈಗ ಎರಡು ಕೈಯಲ್ಲಿ ಹಿಡಿಯುವಷ್ಟಾಗಿತ್ತು. ಹೆಸರು ನವಾಬ. ಗಂಡ ತೀರಿಹೋಗಿದ್ದ. ಮಗ ಸೊಲ್ಲಾಪುರದ ಗಿರಣಿ ಸೇರಿ ತಾಯಿಯನ್ನು ಕರೆಸಿಕೊಳ್ಳುತ್ತಿದ್ದ. ಮೂರನೆಯ ಅಂತಸ್ತಿನ ಒಂದೇ ಕೋಣೆಯ ಮನೆ, ಅಂಗಳವಿಲ್ಲ, ಮಣ್ಣಿಲ್ಲ. ನವಾಬನನ್ನು ಅಲ್ಲಿ ಎಲ್ಲಿಡುವುದು?

"ಹದಿನೆಂಟು ವರ್ಷ ಆಯ್ತು ಮಾಸ್ತರ್ ಸಾಬ್" ಎಂದಳು. "ಮುಂಜಾನೆ ಪರ್ಸಿ ಮ್ಯಾಲ ಟಕ್ ಟಕ್ ಅಂತ ಬಂದು ನನ್ನ ಪಾದಕ್ಕ ತಲಿ ಹಚ್ಚತಾನ, ಆವಾಗ ನಾ ಏಳೋದು. ಇವನನ್ನ ಕೊಡ್ಲಿಕ್ಕ ಜೀವ ಒಲ್ಲದು. ಖರೇ ಏನ್ ಮಾಡ್ಲಿ."

ನಾನು ನೋಟ್‌ಬುಕ್ ತೆರೆದು ಹೆಸರು, ವಯಸ್ಸು ಬರೆದುಕೊಂಡೆ. ಒಳ್ಳೆಯ ಬಾವಿ ನೋಡಿ ಬಿಡುತ್ತೇನೆ, ಫಿಕರ್ ಬೇಡ ಎಂದೆ. ಬಾವಿ ಎಂದ ಕೂಡಲೇ ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

"ಇವನಿಗೆ ನೀರು ಆಗಲ್ಲರಿ. ಅಂಗಳ ತೊಳೀಲಿಕ್ಕ ಬಕೀಟು ತಂದ್ರ ಒಲಿ ಹಿಂದ ಹೋಗಿ ಕುಂದರ್ತಾನ. ಮಳಿ ಬಂದ್ರ ಖಾಟಿನ ಕೆಳಗ. ಎಲ್ಲ್ಯಾರ ಒಣ ಜಾಗಾ ನೋಡ್ರಿ ಸಾಬ್."

ನಾನು ನಕ್ಕೆ. ಆ ನಗು ನನಗೆ ಇಂದಿಗೂ ಕೇಳಿಸುತ್ತದೆ, ಕೇಳಿಸಿದಾಗ ಕಿವಿ ಬಿಸಿಯಾಗುತ್ತದೆ. "ಬೀ, ಆಮಿಗೆ ನೀರು ಆಗಲ್ಲ ಅನ್ನೋದು ಮೀನಿಗೆ ಈಸು ಬರಲ್ಲ ಅಂದಂಗ" ಎಂದೆ. "ನೀವೇ ಇದನ್ನ ಹದಿನೆಂಟು ವರ್ಷ ಒಣ ಜಾಗಾದಾಗ ಇಟ್ಟು ಅಂಜುಬುರುಕ ಮಾಡೀರಿ. ಪಾಪ, ನೀರಿನ ಜೀವ ಅದು." ಇಷ್ಟು ಸಾಲದೆಂದು ಗೋಡೆಯ ಮೇಲಿದ್ದ ಪ್ರಾಣಿಗಳ ಚಿತ್ರಪಟವನ್ನು ಕಡ್ಡಿಯಿಂದ ಮುಟ್ಟಿ ಮುಟ್ಟಿ ತೋರಿಸಿ ಒಂದು ಪಾಠವನ್ನೂ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿದಳು.

"ಹೌದೇನೋ. ನನಗೇನ್ ತಿಳೀತದ, ನೀವು ಓದಿದವರು" ಎಂದು ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಹೋಗುವಾಗ ಆಮೆಯ ಬೆನ್ನ ಮೇಲೆ ಕೈಯಿಟ್ಟು ಏನೋ ದುವಾ ಓದಿಕೊಂಡಳು. ಅವಳು ಹೋದ ಮೇಲೆ ನಾನು ಷರಾ ಅಂಕಣದಲ್ಲಿ ಹೀಗೆ ಬರೆದೆ: "ಒಡತಿಗೆ ತಿಳಿವಳಿಕೆ ಕಡಿಮೆ."

ಮುಂದಿನ ಭಾನುವಾರ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ರಾವೂರಿಗೆ ಹೋದೆ. ಭೀಮರಾಯನ ಬಾವಿ ದೊಡ್ಡದು, ನಾಲ್ಕೂ ಕಡೆ ಪರ್ಸಿ ಕಲ್ಲು ಕಟ್ಟಿ ನೆಟ್ಟಗೆ ಇಳಿಸಿದ್ದು, ಮೆಟ್ಟಿಲಿಲ್ಲ. ಮೊದಲು ಬಿಟ್ಟ ನಾಲ್ಕು ಆಮೆಗಳು ಎಲ್ಲಿ ಎಂದು ಕೇಳಿದೆ. "ತಳದಾಗ ಇರಬೇಕ್ರಿ, ಕಾಣವಲ್ಲವು" ಎಂದ ಭೀಮರಾಯ. ನವಾಬನನ್ನು ಹಗ್ಗದ ಬುಟ್ಟಿಯಲ್ಲಿ ಇಳಿಸಿ ನೀರಿಗೆ ಬಿಟ್ಟೆವು. ಅವನು ಮುಳುಗಲಿಲ್ಲ. ಕುತ್ತಿಗೆ ಉದ್ದ ಮಾಡಿ, ನಾಲ್ಕೂ ಕಾಲು ಬಡಿಯುತ್ತ ಗೋಡೆಯ ಹತ್ತಿರ ಬಂದ. ಅಲ್ಲಿ ಒಂದು ಕಲ್ಲು ಅರ್ಧ ಗೇಣು ಮುಂದೆ ಚಾಚಿತ್ತು. ಅದರ ಮೇಲೆ ಮುಂಗಾಲೆರಡನ್ನೂ ಇಟ್ಟು ಮೇಲೆ ನೋಡತೊಡಗಿದ.

"ಹೊರಗ ಬರ್ಲಿಕ್ಕ ನೋಡ್ಲಿಕತ್ತದ್ರಿ ಸರ" ಎಂದ ಭೀಮರಾಯ.

"ಹೊಸ ಮನಿ ಅಲ್ಲಾ, ರೂಢಿ ಆಗ್ತದ" ಎಂದೆ. ಕೊಡ ಬಿದ್ದರೆ ಎತ್ತಲು ಇಟ್ಟಿದ್ದ ಉದ್ದನೆಯ ಬಿದಿರಿನ ಗಳ ಅಲ್ಲೇ ಇತ್ತು. ಅದರ ತುದಿಯಿಂದ ಅವನ ಕಾಲುಗಳನ್ನು ಆ ಕಲ್ಲಿನಿಂದ ಮೆಲ್ಲಗೆ ಬಿಡಿಸಿದೆ. ಅವನು ಮತ್ತೆ ಬಂದು ಹಿಡಿದುಕೊಂಡ. ನಾನು ಮತ್ತೆ ಬಿಡಿಸಿದೆ. ಮೂರು ಸಲ ಹೀಗಾಯಿತು. ಮನೆಗೆ ಬಂದು ಮೆಹಬೂಬ ಬೀಗೆ ಕಾರ್ಡು ಬರೆದೆ. "ನವಾಬನಿಗೆ ರಾವೂರಿನಲ್ಲಿ ದೊಡ್ಡ ಬಾವಿ ಸಿಕ್ಕಿದೆ. ಬಹಳ ಚೆನ್ನಾಗಿ ಈಜುತ್ತಾನೆ. ಚಿಂತೆ ಬೇಡ."

ನಗೆಯ ಕತೆಯಲ್ಲಿ ಇದುವರೆಗಿನದನ್ನು ಹೇಳುತ್ತೇನೆ, ಬಿದಿರಿನ ಗಳವನ್ನು ಬಿಟ್ಟು. ಶಾರದಾಳಿಗೂ ಅದನ್ನು ಹೇಳಿದ್ದು ಬಹಳ ವರ್ಷಗಳ ಮೇಲೆ.

ಎಂಟು ಹತ್ತು ದಿನಗಳ ನಂತರ ಭೀಮರಾಯ ಶಾಲೆಗೇ ಬಂದ. ಎಂಟನೆಯ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ನೀರು ನಾರ್ಲಿಕತ್ತದ್ರಿ ಸರ. ಎತ್ತು ಸುದ್ದಾ ಕುಡೀವಲ್ಲವು. ಒಂದೀಟು ಬರ್ರಿ" ಎಂದ. ನಾವು ಹೋಗುವಷ್ಟರಲ್ಲಿ ಅವನ ತಮ್ಮ ಬಾವಿಗೆ ಇಳಿದು ಐದನ್ನೂ ಬುಟ್ಟಿಯಲ್ಲಿ ಹಾಕಿ ಮೇಲೆ ಕಳಿಸಿದ್ದ. ಬೇವಿನ ಗಿಡದ ಕೆಳಗೆ ಸಾಲಾಗಿ ಇಟ್ಟಿದ್ದರು. ನವಾಬನನ್ನು ಗುರುತಿಸಲು ಕಷ್ಟವಾಗಲಿಲ್ಲ, ಅವನು ಎಲ್ಲಕ್ಕಿಂತ ದೊಡ್ಡವನು.

ಭೀಮರಾಯ ಒಂದರ ಕಾಲು ಹಿಡಿದು ನನಗೆ ತೋರಿಸಿದ. ಬೈಯುವ ದನಿಯಲ್ಲಲ್ಲ, ಬಿತ್ತನೆಯ ಬೀಜ ತೋರಿಸುವ ದನಿಯಲ್ಲಿ. "ಇದರ ಕಾಲು ನೋಡ್ರಿ. ಆನಿ ಕಾಲಿದ್ದಂಗ ಅದ. ಬೆರಳ ನಡುವ ತೊಗಲಿಲ್ಲ. ಇದು ಈಸೋದು ಹ್ಯಾಂಗ? ನಮ್ಮ ಹಳ್ಳದಾಗಿನ ಆಮಿ ಬ್ಯಾರೇನೇ ಇರ್ತದ, ಚಪ್ಪಟಿ. ಇದು ಗುಡ್ಡದಾಗಿಂದು."

"ಮತ್ತ ಅವತ್ತೇ ಯಾಕ ಹೇಳಲಿಲ್ಲ ಭೀಮರಾಯ?" ಎಂದೆ.

"ನೀವು ಕಲ್ತವರು ಬಿಡ್ಲಿಕತ್ತೀರಿ ಅಂದ್ರ ಏನರ ಇರಬೇಕು ಅಂತ ಸುಮ್ಮಕಿದ್ದೆರಿ."

ಅವನು ಬಾವಿಯ ನೀರೆಲ್ಲ ಎತ್ತಿಸಿ ಹೊರಹಾಕಲು ಎರಡು ದಿನ ಎತ್ತು ಕಟ್ಟಿ ತೊಗಲಿನ ಮಟ್ಟಿ ಹೊಡೆದ. ನಾನು ಅಲ್ಲಿಂದಲೇ ಚಿತ್ತಾಪುರಕ್ಕೆ ಹೋದೆ. ಒಂದು ಬಾವಿಯಲ್ಲಿ ಎರಡೂ ಸತ್ತಿದ್ದವು. ಇನ್ನೊಂದಕ್ಕೆ ಮೆಟ್ಟಿಲಿದ್ದವು, ಅಲ್ಲಿ ಒಂದು ಹೇಗೋ ಮೆಟ್ಟಿಲು ಹತ್ತಿ, ಬಿರುಕಿನಲ್ಲಿ ಬೆಳೆದ ಹುಲ್ಲು ತಿಂದು ಬದುಕಿತ್ತು. ಒಂಬತ್ತರಲ್ಲಿ ಒಂದು. ನಾನು ಹತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ಕಪ್ಪೆಯ ಕಾಲು, ಬಾತಿನ ಕಾಲು ಬರೆದು ಬೆರಳ ನಡುವಿನ ಪೊರೆ ಯಾಕೆ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಹೇಳದವರನ್ನು ನಿಲ್ಲಿಸುತ್ತಿದ್ದೆ. ಒಂಬತ್ತು ಆಮೆಗಳನ್ನು ಕೈಯಲ್ಲಿ ಹಿಡಿದವನು ಒಂದರ ಕಾಲನ್ನೂ ತಿರುಗಿಸಿ ನೋಡಿರಲಿಲ್ಲ. ನನಗೆ ಆಗ ಆದ ನಾಚಿಕೆಯನ್ನು ಏನೆಂದು ಹೇಳಲಿ?

ಬಾಗಿಲ ಹಲಗೆ ತೆಗೆದುಹಾಕಲು ಹೊರಟೆ. ಶಾರದಾ ತಡೆದಳು. "ಹಲಗಿ ತೆಗದ್ರ ಮಂದಿ ಮತ್ತ ಗಟಾರಕ್ಕ ಒಗೀತಾರ. ಇನ್ನರ ನೆಟ್ಟಗ ಮಾಡ್ರಿ" ಎಂದಳು. ಹಾಗಾಗಿ ನಿಜವಾದ ಕೆಲಸ ಶುರುವಾದದ್ದು ಆಗ. ಅಂಗಳಕ್ಕೆ ಜಾಲಿಮುಳ್ಳಿನ ಬೇಲಿ ಬಿತ್ತು. ನೀರಿನ ತೊಟ್ಟಿ ಹೋಗಿ, ಕಾಲು ಅದ್ದುವಷ್ಟು ನೀರಿನ ತಟ್ಟೆ ಬಂತು. ರಜೆ ಬಂದಾಗ ಬುಟ್ಟಿ ಹಿಡಿದು ಬಸ್ಸಿನಲ್ಲಿ ಸುಲೇಪೇಟಕ್ಕೆ ಹೋಗಿ, ಅಲ್ಲಿಂದ ಚಿಂಚೋಳಿಯ ಗುಡ್ಡದ ಸೆರಗಿಗೆ ನಡೆದು, ಕುರಿ ಕಾಯುವವರನ್ನು ಕೇಳಿ, ಅವರು ಇಂಥ ಆಮೆ ಕಂಡಿದ್ದೇವೆ ಎಂದ ಜಾಗದಲ್ಲೇ ಬಿಡುತ್ತಿದ್ದೆ. ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, "ಇವಕ್ಕ ಫುಲ್ಲೋ ಹಾಫೋ?" ಎಂದು ಕೇಳುತ್ತಿದ್ದ. ಕಾಲನಿಯವರು ಬದಲಿಯಾಗಿ ಹೋಗುವಾಗ ಆಮೆ ತಂದುಕೊಟ್ಟು ಕೈಮುಗಿದು ಹೋಗುತ್ತಿದ್ದರು. ಸೇಡಂನಿಂದಲೂ ಜನ ಬಂದರು. ಪುಣ್ಯವಂತ ಎಂದರು. ನಾನು ಬೇಡ ಎನ್ನಲಿಲ್ಲ.

ಈ ನಡುವೆ ಮೆಹಬೂಬ ಬೀಯ ಕಾರ್ಡುಗಳು ಬರುತ್ತಿದ್ದವು, ಯಾರಿಂದಲೋ ಬರೆಸಿದವು. ನವಾಬ ಹೇಗಿದ್ದಾನೆ? ಚಳಿಗೆ ಏನು ಮಾಡುತ್ತಾನೆ? ಮೊದಲ ಕಾರ್ಡಿಗೇ ನಿಜ ಬರೆಯಬೇಕೆಂದು ಕುಳಿತೆ. "ನವಾಬ" ಎಂದು ಬರೆದು ನಿಂತೆ, ಅದರ ಮುಂದೆ "ಕ್ಷೇಮ" ಎಂಬ ಮಾತು ತಾನಾಗಿ ಬಂದುಬಿಟ್ಟಿತು. ಎರಡನೆಯದಕ್ಕೆ, "ನೀರಿಗೆ ಪೂರ್ತಿ ಹೊಂದಿಕೊಂಡಿದ್ದಾನೆ" ಎಂದು ಬರೆದೆ. ಮೂರನೆಯದಕ್ಕೆ ಅವನು ತಿನ್ನುವ ಪದಾರ್ಥಗಳ ಪಟ್ಟಿ ಕೊಟ್ಟೆ. ಸುಳ್ಳಿಗೆ ಕೈ ಹೇಗೆ ಪಳಗುತ್ತದೆ ಎಂದು ಆ ಮೂರು ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿದರೆ ತಿಳಿಯುತ್ತದೆ.

ಒಂದು ವರ್ಷದ ಮೇಲೆ ನಾಲ್ಕನೆಯ ಕಾರ್ಡು ಬಂತು. ಸೇಡಂನಲ್ಲಿ ತಮ್ಮನ ಮಗಳ ಮದುವೆ. ವಾಡಿಯಲ್ಲಿ ಗಾಡಿ ಬದಲಿಸಬೇಕು, ಅರ್ಧ ತಾಸು ಸಿಗುತ್ತದೆ. ರಾವೂರಿನತನಕ ಹೋಗಲು ವೇಳೆ ಇರುವುದಿಲ್ಲ, ಮಾಸ್ತರ್ ಸಾಹೇಬರು ಸ್ಟೇಶನ್ನಿಗೆ ಬಂದು ನವಾಬನ ಸುದ್ದಿ ಹೇಳಿದರೆ ಸಾಕು.

ಶಾರದಾ ಕಾರ್ಡು ಓದಿ ನನ್ನ ಕೈಗೆ ಕೊಟ್ಟಳು. "ಖರೇ ಹೇಳಿ ಬರ್ರಿ. ಆಕಿ ಬೈತಾಳ, ಬೈಸ್ಕೊಂಡು ಬರ್ರಿ. ಅಳ್ತಾಳ, ಎದುರು ಕುಂದ್ರಿ. ಎದ್ದು ಬರಬ್ಯಾಡ್ರಿ" ಎಂದಳು. ನಾನು ಒಪ್ಪಿದೆ. ಮನಸಾರೆ ಒಪ್ಪಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೇಳಿಕೊಳ್ಳುತ್ತ ಹೋದೆ. ಬೀ, ನೀವು ಹೇಳಿದ್ದೇ ಖರೆ ಇತ್ತು. ಅವನಿಗೆ ನೀರು ಆಗುತ್ತಿರಲಿಲ್ಲ. ನಾನು ಕೇಳಲಿಲ್ಲ. ನನ್ನನ್ನು ಮಾಫ್ ಮಾಡ್ರಿ. ನಾಲ್ಕೇ ಮಾತು.

ಗಾಡಿ ಬಂತು. ಮಗ ಅವಳನ್ನು ಇಳಿಸಿ ಬೆಂಚಿನ ಮೇಲೆ ಕೂರಿಸಿ ಸೇಡಂ ಗಾಡಿಯನ್ನು ವಿಚಾರಿಸಲು ಹೋದ. ಅವಳು ಸೊರಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕುಂದ್ರಿ ಎಂದರೂ ಕೂರಲಿಲ್ಲ. ಸಣ್ಣ ಗಂಟೊಂದನ್ನು ನನ್ನ ಕೈಗಿಟ್ಟಳು. ಒಳಗೆ ಒಣಗಿದ ಗುಲಾಬಿಯ ಪಕಳೆಗಳಿದ್ದವು.

"ನವಾಬಗ ರೀ. ಗುಲಾಬಿ ಅಂದ್ರ ಜೀವ ಅವನಿಗೆ. ನೀರಿನ ಮ್ಯಾಲ ಒಗದ್ರ ಬಂದು ತಿಂತಾನೇನು?"

"ಬೀ" ಎಂದೆ. ನಾಲ್ಕು ಮಾತುಗಳಲ್ಲಿ ಮೊದಲನೆಯದು ಗಂಟಲಿನ ತನಕ ಬಂದಿತ್ತು. ಅಷ್ಟರಲ್ಲಿ ಅವಳೇ ಕೈ ಎತ್ತಿ ನನ್ನನ್ನು ತಡೆದಳು.

"ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನಾ ನಿಮಗ ಎದುರಾಡಿದೆ. ಅವನಿಗೆ ನೀರು ಆಗಲ್ಲ ಅಂದೆ. ನೀವು ಚೀಟಿ ಬರದಾಗೆಲ್ಲ ನನಗ ನಾಚಿಕಿ ಆಗ್ತದ. ಹದಿನೆಂಟು ವರ್ಷ ಆ ಮೂಕ ಜೀವನ್ನ ನೀರಿಲ್ಲದ ಇಟ್ಟೆ, ಮ್ಯಾಲ ಓದಿದವರಿಗೆ ಬುದ್ಧಿ ಹೇಳಲಿಕ್ಕ ಹೋದೆ. ತಿಳೀದ ಹೆಂಗಸು. ನನ್ನ ಮಾಫ್ ಮಾಡ್ರಿ ಸಾಬ್."

ಅವಳ ಕಣ್ಣಲ್ಲಿ ನೀರಿತ್ತು. ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು, ನಾನು ಏನಾದರೂ ಹೇಳುವ ತನಕ ಇಳಿಸುವಂತೆ ಕಾಣಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಿಂದ ಮಗ ಗಾಡಿ ಬಂತೆಂದು ಕರೆಯುತ್ತಿದ್ದ. ತಡವಾಗಿ ಬಂದ ಹುಡುಗರನ್ನು ಕ್ಲಾಸಿನೊಳಗೆ ಬಿಟ್ಟುಕೊಳ್ಳುವಾಗಿನ ದನಿಯಲ್ಲಿ ನಾನು, "ಇರ್ಲಿ ಬಿಡ್ರಿ ಬೀ" ಎಂದೆ.